ಕಮಲಾಪುರದ ಮೇಲೆ ಕೂತ ಸೂರ್ಯ

ಈ ವರ್ಷ ಹೋಳಿ ಹುಣ್ಣಿಮೆ ಮುಗಿದ ಮೊದಲ ಸೋಮವಾರ ನಮ್ಮ ಪತ್ರಿಕೆಯ ಕಲಬುರಗಿ ಕಚೇರಿಯಲ್ಲಿ ಸಭೆ ನಡೆಯಿತು. ಪತ್ರಿಕೆಯ ಮೊಬೈಲ್ ಆ್ಯಪ್‌ಗೆ ಬೆರಳಿನಿಂದ ಹಿಗ್ಗಿಸಬಹುದಾದ ನಕ್ಷೆ ಬೇಕು, ಮುಟ್ಟಿದರೆ ವಿವರ ಹೇಳುವ ಚಾರ್ಟುಗಳು ಬೇಕು ಎಂದು ಸಂಪಾದಕರು ಹೇಳಿದರು. ಅವನ್ನು ತಯಾರಿಸುವುದಕ್ಕೆ ಯಾವ ಉಪಕರಣ ಬಳಸಬೇಕೆಂದು ಆರಿಸುವ ಹೊಣೆಯನ್ನು ನನಗೆ ವಹಿಸಲಾಯಿತು. ‘ವಹಿಸಲಾಯಿತು’ ಎಂದು ಕಿರಿಯ ವರದಿಗಾರರು ಬರೆದರೆ ನಾನು ಹೊಡೆದುಹಾಕಿ, ಯಾರು ವಹಿಸಿದರು ಎಂದು ಅಂಚಿನಲ್ಲಿ ಕೇಳುತ್ತೇನೆ. ಇಲ್ಲಿ ಮಾತ್ರ ಆ ಪ್ರಯೋಗ ಸರಿಯಾಗಿದೆ. ಯಾರೂ ವಹಿಸಲಿಲ್ಲ. ಸಭೆಯಲ್ಲಿ ಎಲ್ಲರೂ ಸುಮ್ಮನೆ ಕೂತಿದ್ದಾಗ ನಾನು “ನಮ್ಮ ಕಾಲದಲ್ಲಿ ನಕ್ಷೆ...” ಎಂದು ಬಾಯಿ ತೆರೆದೆ. ಮುಚ್ಚುವಷ್ಟರಲ್ಲಿ ಹೊಣೆ ಬಂದಿತ್ತು.

ಆರಿಸುವ ಕೆಲಸ ನನ್ನಿಂದ ಎಂದೂ ಆಗಿಲ್ಲ. ಬಕೆಟ್ ತರಲು ಹೋದರೆ ಅಂಗಡಿಯವರು ಕೈಗೆ ಕೊಟ್ಟ ಬಕೆಟ್ಟನ್ನೇ ತರುತ್ತೇನೆ, ಅದರ ಬಣ್ಣ ಮನೆಗೆ ಬಂದ ಮೇಲೆ ನನ್ನ ಹೆಂಡತಿ ಸುಧಾಳ ಬಾಯಿಂದ ತಿಳಿಯುತ್ತದೆ. ಜೀವನದಲ್ಲಿ ನಾನಾಗಿ ಆರಿಸಿದ್ದು ಒಂದೇ, ಅದೂ ಸುಧಾಳನ್ನು. ಆ ಆಯ್ಕೆಯ ಬೆನ್ನಿಗೇ ಒಂದು ನಕ್ಷೆ ಅಂಟಿಕೊಂಡು ಬಂದಿತು. ಈಗ ಉಪಕರಣ ಆರಿಸುವ ಕೆಲಸ ಕೈಗೆ ಬಂದಾಗ ನನಗೆ ಮೊದಲು ನೆನಪಾದದ್ದು ಆ ನಕ್ಷೆ.

ಸುಧಾಳ ತವರು ಕಮಲಾಪುರ. ಕಲಬುರಗಿಯಿಂದ ಹುಮನಾಬಾದ್ ಕಡೆಗೆ ಹೋಗುವ ರಸ್ತೆಯಲ್ಲಿ, ಅಂಗಡಿಗಳ ಮುಂದೆ ಕೆಂಪು ಬಾಳೆಗೊನೆಗಳು ತೂಗಾಡತೊಡಗಿದರೆ ಊರು ಬಂತೆಂದು ತಿಳಿಯಬೇಕು. ಅವಳ ತಂದೆ ವೆಂಕಟರಾವ್ ಮಾಸ್ತರ್ ಅಲ್ಲಿನ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದರು. ಹೆಣ್ಣು ನೋಡಲು ನಾವು ಹೋದ ದಿನ ಅವರು ನನ್ನ ಸಂಬಳ ಕೇಳಲಿಲ್ಲ, ಗೋತ್ರವನ್ನು ಮಾತ್ರ ನಮ್ಮ ಹಿರಿಯರನ್ನು ಕೇಳಿ ಮುಗಿಸಿದರು. ಅವಲಕ್ಕಿ, ಚಹಾ ಆದ ಮೇಲೆ ಒಳಗಿಂದ ನಮ್ಮ ಪತ್ರಿಕೆಯ ಹಳೆಯ ಸಂಚಿಕೆ ತಂದು ಚಾಪೆಯ ಮೇಲೆ ಹಾಸಿದರು. ಬೇಸಿಗೆಯಲ್ಲಿ ನಾವು ದಿನವೂ ಹಾಕುತ್ತಿದ್ದ ಜಿಲ್ಲೆಯ ಬಿಸಿಲಿನ ನಕ್ಷೆ ಅದರಲ್ಲಿತ್ತು. ನಕ್ಷೆಯ ಮೇಲಿನ ಬಲಮೂಲೆಯಲ್ಲಿ ಮೀಸೆ ಹೊತ್ತ ಒಬ್ಬ ದಪ್ಪ ಸೂರ್ಯ. ಆ ಮೀಸೆಯ ನಡುವೆ ಮಾಸ್ತರರು ಶಾಯಿಯಿಂದ ಇಟ್ಟ ಒಂದು ಚುಕ್ಕೆ.

“ಅಳಿಯಂದ್ರ, ಈ ಚುಕ್ಕಿ ಏನಂತ ಹೇಳ್ರಿ ನೋಡೂಣು,” ಎಂದರು. ಸಂಬಂಧ ಇನ್ನೂ ಕುದುರಿರಲಿಲ್ಲ, ಆದರೆ ಅಳಿಯ ಎಂದು ಕರೆದಾಗಿತ್ತು. ಅದು ಅವರು ತರಗತಿಯಲ್ಲಿ ಬಳಸುತ್ತಿದ್ದ ಉಪಾಯವೆಂದು ನನಗೆ ಆಮೇಲೆ ಗೊತ್ತಾಯಿತು. ಮೊದಲು ಹೊಗಳಿ ಆಮೇಲೆ ಪ್ರಶ್ನೆ ಹಾಕುವುದು.

ನಾನು ಶಾಯಿ ಚೆಲ್ಲಿರಬೇಕು ಎಂದೆ.

“ಶಾಯಿ ಅಲ್ಲರಿ, ಇದು ನಮ್ಮೂರು. ನಿಮ್ಮ ಪೇಪರಿನವರು ನಮ್ಮೂರ ಮ್ಯಾಲೆ ಸೂರ್ಯನ್ನ ಕೂಡಿಸ್ಯಾರ. ನಾ ಈ ನಕ್ಷಾ ಗ್ವಾಡಿಗೆ ಹಚ್ಚಿ ಪಾಠಾ ಮಾಡ್ತೀನಿ. ಹುಡುಗರು ‘ಸರ, ನಮ್ಮೂರು ಎಲ್ಲದರೀ’ ಅಂತಾವ. ಸೂರ್ಯನ ಮೂಗಿನ ಕೆಳಗ ಅದ ಅಂತ ಹ್ಯಾಂಗ ಹೇಳ್ಲಿ?”

ಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಅದು ಸುಧಾ ಎಂದು ಆಗಲೇ ತಿಳಿದಿದ್ದರೆ ನಾನು ಅಷ್ಟು ಗಂಭೀರವಾಗಿ ಮಾತು ಕೊಡುತ್ತಿರಲಿಲ್ಲ. “ಮುಂದಿನ ನಕ್ಷಾದಾಗ ನಿಮ್ಮೂರು ಬರ್ತದರಿ,” ಎಂದುಬಿಟ್ಟೆ. ಮಾಸ್ತರರು ಹೆಣ್ಣು ಕೊಟ್ಟರು. ನಕ್ಷೆಯಲ್ಲಿ ಊರು ಬರಲಿಲ್ಲ.

ಬರಲಿಲ್ಲ, ಏಕೆಂದರೆ ಆಗ ನಕ್ಷೆಯ ಒಡೆತನ ಪತ್ರಿಕೆಯದಾಗಿರಲಿಲ್ಲ. ಅದು ಮೋಮಿನಪುರದ ಖಾದರ್ ಸಾಹೇಬರದಾಗಿತ್ತು. ಅವರು ನಮ್ಮ ಕಲಾವಿದರು. ಸೈಕಲ್ ಮೇಲೆ ಅತ್ತರಿನ ವಾಸನೆಯೊಂದಿಗೆ ಬಂದು, ಮೊದಲು ಎಲ್ಲರ ಪುಟಗಳನ್ನು ನೋಡಿ ಮೂಗು ಮುರಿದು, ಆಮೇಲೆ ಕೆಲಸಕ್ಕೆ ಕೂಡುತ್ತಿದ್ದರು. ಬಟರ್ ಪೇಪರ್ ಇಟ್ಟು ಜಿಲ್ಲೆಯ ಗಡಿಯನ್ನು ಒಂದೇ ಉಸಿರಿನಲ್ಲಿ ಎಳೆಯುವರು. ಊರುಗಳ ಹೆಸರನ್ನು ಬೇರೆಯಾಗಿ ಅಚ್ಚು ತೆಗೆದು, ಬ್ಲೇಡಿನಿಂದ ಸಣ್ಣ ಚೀಟಿಗಳಾಗಿ ಕತ್ತರಿಸಿ, ಗೋಂದು ಹಚ್ಚಿ ಅಂಟಿಸಬೇಕಿತ್ತು. ಒಮ್ಮೆ ಬಳಸಿದ ಚೀಟಿಗಳನ್ನು ಬಿಡಿಸಿ ತಮ್ಮ ಪಾನ್ ಡಬ್ಬಿಯ ಒಂದು ಖಾನೆಯಲ್ಲಿ ಇಡುತ್ತಿದ್ದರು. ಹೀಗಾಗಿ ನಮ್ಮ ಜಿಲ್ಲೆಗೆ ಯಾವಾಗಲೂ ಸ್ವಲ್ಪ ಸುಣ್ಣ, ಸ್ವಲ್ಪ ಅಡಿಕೆಪುಡಿ ಹತ್ತಿರುತ್ತಿತ್ತು.

ನಕ್ಷೆ ಅಂಟಿಸುವಾಗ ಫ್ಯಾನ್ ಹಾಕುವಂತಿರಲಿಲ್ಲ. ಕಲಬುರಗಿಯ ಏಪ್ರಿಲ್ ಕಂಡವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹೊರಗೆ ಎಷ್ಟು ಬಿಸಿಲಿದೆ ಎಂದು ಜನಕ್ಕೆ ತಿಳಿಸುವುದಕ್ಕಾಗಿ ನಾವು ಒಳಗೆ ಬೇಯುತ್ತಿದ್ದೆವು. ಹೊಸದಾಗಿ ಸೇರಿದವರು ಯಾರಾದರೂ ಗೋಡೆಯ ಕಡೆ ಕೈ ಚಾಚಿದರೆ ಖಾದರ್ ಸಾಹೇಬರು ಕೂಗುತ್ತಿದ್ದರು: “ಅರೆ ಭಾಯಿ, ಫ್ಯಾನ್ ಹಚ್ಚಬ್ಯಾಡ್ರೀ, ಜಿಲ್ಲಾ ಹಾರಿ ಹೋಗ್ತದ!” ಒಮ್ಮೆ ಹಾರಿಯೂ ಹೋಯಿತು. ಹೋದ ಕರೆಂಟು ಹೇಳದೆ ಕೇಳದೆ ಬಂದಿತು, ಯಾರೋ ಸ್ವಿಚ್ ಹಾಕಿಯೇ ಬಿಟ್ಟಿದ್ದರು. ಅಫಜಲಪುರ ಪ್ರೂಫ್ ತಿದ್ದುವವರ ಚಹಾದಲ್ಲಿ ಸಿಕ್ಕಿತು. ಆಳಂದ ಕಿಟಕಿಯಿಂದ ಹೊರಗೆ ಹೋಯಿತು. ಸೇಡಂ ಎಷ್ಟು ಹುಡುಕಿದರೂ ಸಿಗಲಿಲ್ಲ, ಕೊನೆಗೆ ಆಗಿನ ಸಂಪಾದಕರು ಯಾವುದೋ ಉದ್ಘಾಟನೆ ಮುಗಿಸಿ ಬಂದಾಗ ಅವರ ಅಂಗಿಯ ಬೆನ್ನ ಮೇಲಿತ್ತು. ಸಭಿಕರು ಅವರನ್ನು ಸೇಡಂ ಕಡೆಯವರೆಂದು ತಿಳಿದಿರಬೇಕು. ಈ ಬಗ್ಗೆ ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳಲು ನನಗೆ ಸಾಧ್ಯವಾಗಿಲ್ಲ.

ಹೆಣ್ಣು ನೋಡಿ ಬಂದ ಮರುದಿನವೇ ನಾನು ಖಾದರ್ ಸಾಹೇಬರ ಮುಂದೆ ಹೋಗಿ ಸೂರ್ಯನನ್ನು ಸ್ವಲ್ಪ ಸರಿಸಲು ಕೇಳಿದ್ದೆ. ಅವರು ಕುಂಚ ಕೆಳಗಿಟ್ಟರು.

“ಎಲ್ಲಿಗೆ ಸರಸ್ಲಿ ರಾವ್ ಸಾಬ್? ಎಡಕ್ಕ ಹೆಡ್ಡಿಂಗ್ ಅದ.”

“ಕೆಳಗ ಇಡ್ರಿ.”

“ಸೂರಜ್ ಕೆಳಗ ಇಟ್ಟರ ಮುಳುಗ್ಲಿಕತ್ತಾನ ಅಂತಾರ. ಎಡಕ್ಕ ಇಟ್ಟರ ಪಶ್ಚಿಮದಾಗ ಹುಟ್ಟ್ಯಾನ ಅಂತ ಕಾಗದಾ ಬರೀತಾರ. ಪೂರ್ವ ಅಂದ್ರ ಬಲಗಡೆ, ಬಲಗಡೆ ಅಂದ್ರ ಕಮಲಾಪುರ. ನಾ ಏನು ಮಾಡ್ಲಿ, ಅಲ್ಲಾ ಹಂಗ ಇಟ್ಟಾನ.”

“ಆ ಮೀಸಿಯರ ಸಣ್ಣದು ಮಾಡ್ರಿ. ನಮ್ಮ ಬೀಗರ ಊರು ಸಾಹೇಬ್ರ.”

“ಊರು ನಿಮ್ಮ ಬೀಗರದು. ಮೀಸಿ ನಂದು,” ಎಂದು ತಮ್ಮ ಮೀಸೆಯನ್ನೇ ತೀಡಿಕೊಂಡರು. ಆ ಸೂರ್ಯ ಯಾರ ಹಾಗೆ ಕಾಣುತ್ತಾನೆಂದು ನನಗೆ ಅಂದು ಹೊಳೆಯಿತು.

ಆಮೇಲೆ ಕಂಪ್ಯೂಟರ್ ಬಂದಿತು, ಪಾನ್ ಡಬ್ಬಿ ಖಾದರ್ ಸಾಹೇಬರ ಜೊತೆಗೆ ಮನೆಗೆ ಹೋಯಿತು, ನಕ್ಷೆ ಏಜೆನ್ಸಿಗಳಿಂದ ಸಿದ್ಧವಾಗಿ ಬರತೊಡಗಿತು. ಅವರಿಗೆ ಕಮಲಾಪುರ ಎಂದರೆ ಹಂಪಿಯ ಪಕ್ಕದ್ದು ಮಾತ್ರ. ನಮ್ಮ ಕಮಲಾಪುರ ತಾಲ್ಲೂಕು ಆದ ದಿನ ಮಾವನವರು ಫೋನ್ ಮಾಡಿ, “ಈಗರ ಬರಬೇಕಲ್ಲರಿ ಅಳಿಯಂದ್ರ?” ಎಂದರು. ಬರಬೇಕು ಎಂದೆ. ದೀಪಾವಳಿಯ ಅಳಿಯತನಕ್ಕೆ ಹೋದಾಗಲೆಲ್ಲ ಎಣ್ಣೆ ಹಚ್ಚಿ, ನೀರು ಹಾಕಿ, ಹೋಳಿಗೆ ಬಡಿಸಿ, ತುಪ್ಪ ಹಾಕುವ ಹೊತ್ತಿಗೆ ಅವರು ಕೇಳುತ್ತಿದ್ದದ್ದು ಅದೊಂದೇ. ಬೇರೆ ಅಳಿಯಂದಿರು ಉಂಗುರ ಕೇಳಿ ಮಾವಂದಿರನ್ನು ಹೆದರಿಸುತ್ತಾರಂತೆ. ನಮ್ಮಲ್ಲಿ ಹೆದರುತ್ತಿದ್ದವನು ನಾನು.

ಹೀಗಿರುವಾಗ ಈ ಹೊಣೆ ಬಂದಿತು. ನನ್ನ ಜೊತೆ ಕೆಲಸಕ್ಕೆ ಕೊಟ್ಟದ್ದು ಆ್ಯಪ್ ನೋಡಿಕೊಳ್ಳುವ ಸಬಿಹಾಳನ್ನು. ಖಾದರ್ ಸಾಹೇಬರ ಕಿರಿಯ ಮಗಳು. ತಂದೆಯ ಮೂಗು ಮುರಿಯುವ ರೀತಿ ಅವಳಿಗೂ ಬಂದಿದೆ, ಪುಣ್ಯಕ್ಕೆ ಮೀಸೆ ಬಂದಿಲ್ಲ ಎಂದು ಅವಳೇ ಹೇಳಿಕೊಳ್ಳುತ್ತಾಳೆ. ಅವಳು ನನ್ನ ಮುಂದೆ ಉಪಕರಣಗಳನ್ನು ತೆರೆದಿಟ್ಟಳು. ಎಲ್ಲವಕ್ಕೂ ಇಂಗ್ಲಿಷ್ ಹೆಸರುಗಳು, ಎಲ್ಲವೂ ತಾನೇ ಹಗುರ, ತಾನೇ ಚುರುಕು ಎಂದು ಹೇಳಿಕೊಂಡಿದ್ದವು. ಚುನಾವಣೆಯ ಹೇಳಿಕೆಗಳನ್ನು ವರ್ಷಗಟ್ಟಲೆ ತಿದ್ದಿದ ನನಗೆ ಆ ಭಾಷೆ ಹೊಸದೆನಿಸಲಿಲ್ಲ.

ಮೊದಲನೆಯದು ದೊಡ್ಡ ಕಂಪನಿಯೊಂದರ ಬಾಡಿಗೆಯ ನಕ್ಷೆ. ಆಕಾಶದಿಂದ ತೆಗೆದ ಚಿತ್ರದಲ್ಲಿ ಕೋಟನೂರಿನ ನಮ್ಮ ಮನೆಯ ಮಾಳಿಗೆ, ಮಾಳಿಗೆಯ ಮೇಲೆ ಸುಧಾ ಒಣಗಿಸಲು ಹಾಕಿದ್ದ ಹಪ್ಪಳ ಸಹ ಕಂಡಂತಾಯಿತು. ನಾನು ಮರುಳಾದೆ. ಆದರೆ ಅದನ್ನು ಸಾಮಾನ್ಯ ಮೊಬೈಲಿನಲ್ಲಿ ತೆರೆದಾಗ ಅದು ಬರುವಷ್ಟರಲ್ಲಿ ಒಂದು ಚಹಾ ಕುಡಿಯಬಹುದಿತ್ತು. ಎರಡನೆಯದು ಚಂದವಾಗಿತ್ತು, ಬೆಣ್ಣೆಯಂತೆ ಜಾರುತ್ತಿತ್ತು, ಕನ್ನಡ ಮಾತ್ರ ಅದಕ್ಕೆ ಬರುತ್ತಿರಲಿಲ್ಲ. ಚಿತ್ತಾಪುರದ ಒತ್ತಕ್ಷರ ಕಳಚಿ ಪಕ್ಕಕ್ಕೆ ನಿಂತಿತು. ಜೇವರ್ಗಿ ಎರಡು ಹೋಳಾಯಿತು. “ಇದು ನಮ್ಮ ಊರುಗಳ್ನ ಗಾಯ ಮಾಡ್ತದ ಸರ್,” ಎಂದು ಸಬಿಹಾ ಅದನ್ನು ಮುಚ್ಚಿದಳು. ಮೂರನೆಯದು ಹಗುರ, ಹಳೆಯ ಪದ್ಧತಿಯದು, ಊರಿನ ಹೆಸರುಗಳನ್ನು ನಾವೇ ಕನ್ನಡದಲ್ಲಿ ಬರೆದು ಕೂಡಿಸಬಹುದಾದದ್ದು. ಪಾನ್ ಡಬ್ಬಿಯ ಚೀಟಿಗಳಂತೆಯೇ. ನನಗೆ ಅದರ ಮೇಲೆ ಆಗಲೇ ಮನಸ್ಸು ಹೋಯಿತು, ಆದರೆ ಅಲಿಪ್ತನಾಗಿರುವ ಅಭ್ಯಾಸದಿಂದ ಹೇಳಲಿಲ್ಲ.

ಚಾರ್ಟಿನ ಉಪಕರಣ ಆರಿಸಿದ್ದು ಕಾಳಿನ ಮಾರುಕಟ್ಟೆಯಾದ ನೆಹರು ಗಂಜ್‌ನ ಒಬ್ಬ ತೊಗರಿ ವ್ಯಾಪಾರಿ. ಖಾದರ್ ಸಾಹೇಬರ ಕಾಲದಲ್ಲಿ ತೊಗರಿಯ ಚಾರ್ಟು ಎಂದರೆ ಚೀಲಗಳು. ಹೆಚ್ಚು ಬೆಳೆದ ವರ್ಷ ದಪ್ಪ ಚೀಲ, ಕಡಿಮೆ ಬೆಳೆದ ವರ್ಷ ಸೊರಗಿದ ಚೀಲ. ಗಂಜ್‌ನವರು ಅದನ್ನು ಕತ್ತರಿಸಿ ಅಂಗಡಿಯಲ್ಲಿ ಕೂಡುವ ಗಾದಿಯ ಮೇಲಿನ ಗೋಡೆಗೆ ಹಚ್ಚುತ್ತಿದ್ದರು. ಈಗ ಸಂಪಾದಕರು ಮೆಚ್ಚಿದ ಉಪಕರಣದಲ್ಲಿ ಕಂಬಗಳು ಕುಣಿಯುತ್ತ ಮೇಲೇಳುತ್ತಿದ್ದವು. ಮುಟ್ಟಿದರೆ ಬಣ್ಣ ಬದಲಿಸುತ್ತಿದ್ದವು. ಪರೀಕ್ಷೆಗೆಂದು ಅದನ್ನು ಆ ವ್ಯಾಪಾರಿಗೆ ತೋರಿಸಿದೆ. ಅವರು ಮೊಬೈಲನ್ನು ದೂರ ಹಿಡಿದರು, ಹತ್ತಿರ ಹಿಡಿದರು. ಬೆರಳು ತಾಗಿದಾಗಲೆಲ್ಲ ಕಂಬಗಳು ಮತ್ತೆ ಮೊದಲಿನಿಂದ ಏಳತೊಡಗಿದವು.

“ಇದು ನಿಂದ್ರವಲ್ದಲ್ಲರಿ,” ಎಂದರು. “ತೊಗರಿ ಏರ್ಲಿಕತ್ತದೋ ಇಳೀಲಿಕತ್ತದೋ, ಅಷ್ಟು ಹೇಳ್ರಿ ನನಗ. ಕುಣಿಯೂದು ನಾವು ಆಮ್ಯಾಲೆ ನೋಡ್ಕೋತೀವಿ.”

ಕುಣಿಯದ ಉಪಕರಣವನ್ನು ಆರಿಸಿದೆವು.

ನಕ್ಷೆಯ ಪರೀಕ್ಷೆ ಕಮಲಾಪುರದಲ್ಲಿ ನಡೆಯಬೇಕೆಂದು ಸುಧಾ ತೀರ್ಮಾನಿಸಿದಳು. ಒಂದು ಭಾನುವಾರ ಬಸ್ಸಿನಲ್ಲಿ ಹೋದೆವು. ಮಾವನವರು ಪಡಸಾಲೆಯಲ್ಲಿ ಕೂತು ಕಾಯುತ್ತಿದ್ದರು. ಹಿರಿಯ ಮಗ, ಸೊಸೆ, ಮೊಮ್ಮಕ್ಕಳು, ಅಕ್ಕಪಕ್ಕದವರು, ಅವರ ಕೈಯಲ್ಲಿ ಪಾಠ ಕೇಳಿ ಈಗ ಅಜ್ಜಂದಿರಾದ ಇಬ್ಬರು, ಎಲ್ಲರೂ ಸೇರಿದ್ದರು. ನಾನು ನಮ್ಮ ಆ್ಯಪ್‌ನ ಪರೀಕ್ಷಾ ನಕ್ಷೆಯನ್ನು, ಆ ಮೂರನೆಯ ಉಪಕರಣದಲ್ಲಿ ಮಾಡಿದ್ದನ್ನು, ಮಾವನವರ ಮೊಬೈಲಿನಲ್ಲೇ ತೆರೆದು ಕೊಟ್ಟೆ. ಬೀದರಿನಿಂದ ಬಳ್ಳಾರಿಯವರೆಗೆ ಇಡೀ ಸೀಮೆ ಥಟ್ಟನೆ ಬಂದಿತು. ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು.

“ಕಲಬುರಗಿ ಅದ. ಬೀದರ್ ಅದ. ಕಮಲಾಪುರ ಎಲ್ಲದ?”

“ಎರಡು ಬೆರಳು ಇಟ್ಟು ಹಿಗ್ಗಸ್ರಿ ಮಾವಾರ, ಬರ್ತದ.”

ಅವರು ಬೆರಳಿಟ್ಟರು. ಆ ಕೈ ಒಂದೆರಡು ವರ್ಷಗಳಿಂದ ನಡುಗುತ್ತದೆ. ಕರಿಹಲಗೆಯ ಮೇಲೆ ಸ್ಕೇಲ್ ಇಲ್ಲದೆ ಭಾರತವನ್ನು ಬರೆಯುತ್ತಿದ್ದ ಕೈ ಅದು. ಎರಡು ಬೆರಳು ಒಟ್ಟಿಗೆ ನಿಲ್ಲಲಿಲ್ಲ. ನಕ್ಷೆ ಒಮ್ಮೆ ಅರಬ್ಬೀ ಸಮುದ್ರಕ್ಕೆ ಹೋಯಿತು, ಒಮ್ಮೆ ಆಂಧ್ರಕ್ಕೆ ಹೋಯಿತು. ಮೊಮ್ಮಗಳು ಸಹಾಯಕ್ಕೆ ಕೈ ಚಾಚಿದಳು. ಮಾವನವರು ಮೊಬೈಲನ್ನು ಪಕ್ಕಕ್ಕೆ ಸರಿಸಿಕೊಂಡರು.

“ಬ್ಯಾಡವ್ವ. ಕಾಣಸೂದಿದ್ರ ತಾನ ಕಾಣಸಬೇಕು,” ಎಂದು ಅದನ್ನು ನನ್ನ ಕೈಗೆ ಕೊಟ್ಟರು. “ಇರ್ಲಿ ಬಿಡ್ರಿ ಅಳಿಯಂದ್ರ. ಮೊದಲ ಸೂರ್ಯ ಕೂತಿದ್ದ, ಈಗ ಕಲಬುರಗೀನ ಕೂತದ.”

ಅವರು ಹಾಗೆ ‘ಇರಲಿ ಬಿಡಿ’ ಎಂದದ್ದು ಮೊದಲ ಸಲ. ಇಷ್ಟು ವರ್ಷ ಕೇಳಿದಾಗಲೆಲ್ಲ ತಪ್ಪಿಸಿಕೊಳ್ಳುತ್ತಿದ್ದವನಿಗೆ, ಇನ್ನು ಅವರು ಕೇಳುವುದಿಲ್ಲ ಎಂದು ತಿಳಿದಾಗ ಊಟ ಸೇರಲಿಲ್ಲ. ಸುಧಾ ತಟ್ಟೆಗೆ ಶೇಂಗಾ ಚಟ್ನಿಪುಡಿ ಹಾಕುತ್ತ ಮೆಲ್ಲಗೆ ಹೇಳಿದಳು: “ನೀವು ಹೆಣ್ಣು ನೋಡ್ಲಿಕ್ಕೆ ಬಂದಾಗ ನಾ ಬಾಗಿಲ ಹಿಂದ ನಕ್ಕಿದ್ದು ಯಾಕಂತ ಗೊತ್ತದ ಏನ್ರಿ? ಅಪ್ಪ ಬಂದ ವರಗಳಿಗೆಲ್ಲ ಆ ಚುಕ್ಕಿ ತೋರಸ್ತಿದ್ರು. ಬ್ಯಾರೆದವರು ‘ನನ್ನ ಕೈಯಾಗ ಏನದರಿ’ ಅಂದ್ರು. ಬರ್ತದ ಅಂದವರು ನೀವೊಬ್ಬರ.” ಅಂದರೆ ಅಂದು ಆರಿಸಿದ್ದು ನಾನಲ್ಲ ಎಂಬುದೂ ಅದೇ ಊಟದಲ್ಲಿ ತಿಳಿಯಿತು.

ಮರುದಿನ ಸಬಿಹಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕಾರಣ ವಿವರಿಸಿದಳು. ಚಿಕ್ಕ ಪರದೆಯಲ್ಲಿ ಎರಡು ಹೆಸರುಗಳು ಒಂದರ ಮೇಲೊಂದು ಬಿದ್ದರೆ ಓದಲಾಗುವುದಿಲ್ಲ, ಅದಕ್ಕೆ ಉಪಕರಣ ಒಂದನ್ನು ಮುಚ್ಚಿಬಿಡುತ್ತದೆ. “ಎಲ್ಲಾ ಊರಿಗೂ ಒಂದೊಂದು ದರ್ಜೆ ಕೊಟ್ಟಿರ್ತೀವಿ ಸರ್. ದರ್ಜೆ ದೊಡ್ಡದಿದ್ದವರು ಉಳೀತಾರ, ಸಣ್ಣವರು ಹೋಗ್ತಾರ. ಕಲಬುರಗಿ ಬಾಜೂಕ ಕಮಲಾಪುರ ನಿಂದ್ರೂದು ಕಷ್ಟ.” ಹೆಸರನ್ನು ಬಲಕ್ಕೆ ಸರಿಸಿ ನೋಡಿದೆವು, ಕಮಲಾಪುರ ತೆಲಂಗಾಣಕ್ಕೆ ಹೋಯಿತು. ಮೇಲಕ್ಕೆ ಸರಿಸಿದರೆ ಬೀದರಿನ ಕಾಲಿಗೆ ಹತ್ತಿತು. ಅಕ್ಷರ ಸಣ್ಣದು ಮಾಡಿದರೆ ಮಾವನವರ ಕಣ್ಣಿಗೆ ಕಾಣದು.

“ಕಲಬುರಗಿಯ ದರ್ಜಾ ಇಳಸಿದ್ರ?” ಎಂದು ಕೇಳಿದೆ.

ಸಬಿಹಾ ತಿರುಗಿ ನೋಡಿದಳು. “ಸರ್, ನಮ್ಮ ಆಫೀಸ್ ಇರೂದು ಕಲಬುರಗಿದಾಗ. ನಮ್ಮ ಸಂಬಳ ಕಲಬುರಗಿದಾಗ.”

“ಕಲಬುರಗಿ ಎಲ್ಲದ ಅಂತ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದದ್ದನ್ನ ಹೇಳೂದು ಸುದ್ದಿ ಅಲ್ಲವ್ವ.” ಪತ್ರಿಕಾವೃತ್ತಿಯಲ್ಲಿ ನಾನು ಕಲಿತ ತತ್ತ್ವವೊಂದು ಸ್ವಂತದ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಅವಳು ನಗುತ್ತ, ಕಲಬುರಗಿಯ ಹೆಸರು ತೆಗೆದರೆ ಆ ಜಾಗ ಬರಿದಾಗಿ ಕಾಣುತ್ತದೆ, ಹವಾಮಾನದ ಗುರುತನ್ನು ಅಲ್ಲಿ ಇಡಬಹುದು ಎಂದಳು. ಗುರುತಿಗೆ ಸಿದ್ಧ ಚಿತ್ರ ಹುಡುಕುವುದು ಬೇಡ, ಮನೆಯಲ್ಲೇ ಒಂದು ಇದೆ ಎಂದಳು. ಮರುದಿನ ತಂದೆಯ ಹಳೆಯ ಸೂರ್ಯನ ಫೋಟೊ ತೆಗೆದುಕೊಂಡು ಬಂದಳು. ಮೀಸೆ ಹಾಗೆಯೇ ಇತ್ತು. ಮೀಸೆಯ ಒಂದು ತುದಿಯಲ್ಲಿ ಸುಣ್ಣದ ಕಲೆಯೂ ಇತ್ತು, ಅದನ್ನು ಅಳಿಸಬೇಡ ಎಂದೆ. “ಅಬ್ಬಾನೂ ಹಂಗ ಅಂದ್ರು ಸರ್. ಇನ್ನೊಂದು ಹೇಳ್ಯಾರ. ಸೂರಜ್ ಎಲ್ಲಿ ಬೇಕಾದ್ರ ಇಡ್ರಿ, ಮೀಸಿ ಮಾತ್ರ ಸಣ್ಣದು ಮಾಡಬ್ಯಾಡ್ರಿ ಅಂತ.”

ಸಂಪಾದಕರು ನಕ್ಷೆಯನ್ನು ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ನೋಡಿದರು. ಬಹಳ ಹೊತ್ತು ನೋಡಿದರು.

“ಕಲಬುರಗಿ ಎಲ್ಲಿ ಹೋತ್ರಿ?”

“ಸೂರ್ಯನ ಕೆಳಗ ಅದ ಸರ್,” ಎಂದೆ.

ಅವರು ಕಿಟಕಿಯಿಂದ ಹೊರಗೆ ನೋಡಿದರು. ಡಾಂಬರು ರಸ್ತೆ ಬಿಸಿಲಿಗೆ ಹೊಳೆಯುತ್ತಿತ್ತು. ಎದುರಿನ ಕಬ್ಬಿನ ಹಾಲಿನ ಗಾಡಿಯವನು ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡಿದ್ದ. “ಅದೂ ಖರೇನ,” ಎಂದು ಸಂಪಾದಕರು ಮುಂದಿನ ವಿಷಯಕ್ಕೆ ಹೋದರು.

ಆ್ಯಪ್‌ನಲ್ಲಿ ನಕ್ಷೆ ಹೊರಬಂದ ಬೆಳಿಗ್ಗೆ ಕಮಲಾಪುರದಿಂದ ಫೋನ್ ಬಂದಿತು. ಸುಧಾ ಸ್ಪೀಕರ್ ಹಾಕಿದಳು. ಆ ಕಡೆ ಬಹಳ ಜನರ ಗದ್ದಲ ಕೇಳುತ್ತಿತ್ತು. ಮಾವನವರು ಎಲ್ಲರನ್ನೂ ಸುಮ್ಮನಾಗಿಸಿ, ತರಗತಿಯ ದನಿಯಲ್ಲಿ ಮಾತಾಡಿದರು.

“ಅಳಿಯಂದ್ರ, ತೆರದ ಕೂಡ್ಲೆ ಬಂತ್ರಿ. ಬೆರಳ ಹಚ್ಚಲಿಲ್ಲ ನಾ. ನಮ್ಮೂರು ಅದ. ಸೂರ್ಯ ಸರದಾನ.”

ಸುಧಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅತ್ತ ಮಾವನವರು ಉಸಿರು ತೆಗೆದುಕೊಂಡು ಮತ್ತೆ ಕೇಳಿದರು:

“ಇನ್ನೊಂದು ಪ್ರಶ್ನಿ. ಈ ನಕ್ಷಾದಾಗ ನೀವು ಇರೂದು ಎಲ್ಲಿ, ತೋರಸ್ರಿ ನೋಡೂಣು.”

ಮುಂದಿನ ಅಪ್‌ಡೇಟಿನಲ್ಲಿ ಬರುತ್ತದೆ ಎಂದಿದ್ದೇನೆ. ಈ ಬರಹ ಮುಗಿಯುವ ಹೊತ್ತಿಗೆ ಕಮಲಾಪುರ ತನ್ನ ಜಾಗದಲ್ಲಿದೆ. ಕಲಬುರಗಿಯ ಮೇಲೆ ಸೂರ್ಯ ಕೂತಿದ್ದಾನೆ.